ಹತ್ತೊಂಬತ್ತು ವರ್ಷ, ನಾಲ್ಕು ತಿಂಗಳು

9 ಸೆಪ್ಟೆಂಬರ್

ಪ್ರೀತಿಯ ಪಿಟೀಲು,

ನಾನು ತಲುಪಿದೆ ಮಗಳೇ. ಇದನ್ನು ಮೂರು ವಾರದ ಹಿಂದೆಯೇ ಬರೆಯಬೇಕಿತ್ತು. ಆದರೆ ಅಂಚೆಗೆ ಹಾಕಿದ ಪತ್ರವನ್ನು ನಿನಗಿಂತ ಮೊದಲು ಯಾರು ಒಡೆದು ಓದುತ್ತಾರೆಂದು ನಮ್ಮಿಬ್ಬರಿಗೂ ಗೊತ್ತು. ಈಗ ಗಡಿ ದಾಟಿ ಔಷಧಿ ಸಾಗಿಸುವ ವ್ಯಾನಿನವರ ಪರಿಚಯವಾಗಿದೆ. ಅತ್ತೆಯ ಔಷಧಿ ಅಂಗಡಿಗೆ ಬರುವ ಹತ್ತಿಯ ಕಟ್ಟಿನೊಳಗೆ ಇದು ಬರುತ್ತದೆ. ನೀನು ಬರೆದದ್ದನ್ನೂ ಅವರ ಕೈಯಲ್ಲೇ ಕೊಡು.

ನನಗೆ ವಿಶ್ವವಿದ್ಯಾಲಯದ ಅತಿಥಿಗೃಹದಲ್ಲಿ, ಮೂರನೇ ಮಹಡಿಯಲ್ಲಿ ಕೋಣೆ ಕೊಟ್ಟಿದ್ದಾರೆ. ಮಂಚ, ಮೇಜು, ಕಿಟಕಿಯ ಕೆಳಗೆ ಸೈಕಲ್ ನಿಲ್ಲಿಸುವ ಜಾಗ. ತಲೆದೆಸೆಯ ಗೋಡೆಯಲ್ಲಿ ಒಂದು ಬಿರುಕಿದೆ. ಗಾರೆಯದ್ದು ಅಷ್ಟೇ, ಗೋಡೆಯದ್ದಲ್ಲ. ನೀನಾಗಿದ್ದರೆ ಚೀಲ ಇಳಿಸುವ ಮೊದಲೇ ಅದನ್ನು ಉಗುರಿನಿಂದ ಕೆರೆದು ನೋಡುತ್ತಿದ್ದೆ.

ಇಲ್ಲಿಯ ಸರಕಾರದ ಯೋಜನೆಯ ಹೆಸರು ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದ. ಯುದ್ಧಕ್ಕೋ ಕಿರುಕುಳಕ್ಕೋ ಸಿಕ್ಕಿ ಓಡಿಬಂದ ಅಧ್ಯಾಪಕರಿಗೆ ಒಂದು ವರ್ಷ ಕೆಲಸ, ಇರಲು ಕೋಣೆ, ವಾಸದ ಪರವಾನಗಿ. ಆಮೇಲೆ ಇನ್ನೊಂದು ವರ್ಷಕ್ಕೆ ಅರ್ಜಿ ಹಾಕಬಹುದು. ಅಷ್ಟಕ್ಕೆ ಮುಗಿಯಿತು. ಇದನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ನಮ್ಮ ಭಾಷೆ ಬಲ್ಲ, ಐವತ್ತು ದಾಟಿದ ಹೆಂಗಸು, ಯಾವಾಗ ನೋಡಿದರೂ ಎದೆಗೊಂದು ಕಡತ ಅವಚಿಕೊಂಡಿರುತ್ತಾರೆ. ಮನಸ್ಸಿನಲ್ಲೇ ಕಡತದಮ್ಮ ಎಂದು ಹೆಸರಿಟ್ಟಿದ್ದೇನೆ. "ನಿಮ್ಮನ್ನ ಏನಂತ ಕರೀಲಿ?" ಎಂದು ಮೊದಲ ದಿನ ಕೇಳಿದರು. "ಹುಡುಗರೆಲ್ಲ ಸಿಮೆಂಟು ಮೇಷ್ಟ್ರು ಅಂತಾರೆ" ಎಂದೆ. ನಗಲಿಲ್ಲ, ಬರೆದುಕೊಂಡರು.

ನಾನು ಯಾಕೆ ಬಂದೆನೆಂದು ಎರಡು ಪುಟದಲ್ಲಿ ಬರೆದುಕೊಡಬೇಕಾಯಿತು. ಬರೆದ ಮೇಲೆ ಅರ್ಧ ಪುಟವೂ ಆಗಲಿಲ್ಲ. ಆಸ್ಪತ್ರೆಯ ಪಶ್ಚಿಮದ ಭಾಗ ಕುಸಿದು ನಲವತ್ತೊಂದು ಜನ ಸತ್ತರು. ಕಾಂಕ್ರೀಟು ಗಟ್ಟಿಯಾಗಿದೆ, ಕಂಬಿಗಳು ಒಳಮುಖವಾಗಿ ಬಾಗಿವೆ, ಆದ್ದರಿಂದ ಹೊಡೆತ ಬಿದ್ದದ್ದು ಹೊರಗಿನಿಂದ, ಗುಡ್ಡದ ಮೇಲಿನ ಸೇನೆಯ ಶಿಬಿರದ ಕಡೆಯಿಂದ ಎಂದು ನಾನು ವರದಿ ಕೊಟ್ಟೆ. ಎರಡು ಸಾಲು ತಿದ್ದಿ "ಕಳಪೆ ಕಾಮಗಾರಿ" ಎಂದು ಬರೆಯಲು ಹೇಳಿದರು. ತಿದ್ದಲಿಲ್ಲ. ವಿಭಾಗದ ಮುಖ್ಯಸ್ಥರು ಬೇರೆ ವರದಿ ಬರೆದರು. ಕಟ್ಟಿದ ಮೇಸ್ತ್ರಿಯನ್ನು ಜೈಲಿಗೆ ಹಾಕಿದರು. ನನ್ನನ್ನು ಹುಡುಕಿಕೊಂಡು ಬಂದರು. ಓದಿದ ಕಡತದಮ್ಮ, "ಇಷ್ಟೇನಾ?" ಎಂದರು. ಇಷ್ಟೇ ಎಂದೆ.

ಇನ್ನು ನಿನ್ನ ವಿಷಯ. ಗಂಡ ಅಥವಾ ಹೆಂಡತಿ, ಮತ್ತು ಹದಿನೆಂಟು ತುಂಬದ ಮಕ್ಕಳು ಮಾತ್ರ ಜೊತೆಗೆ ಬರಬಹುದಾದ ಅವಲಂಬಿತರಂತೆ. ನಿನಗೆ ಹತ್ತೊಂಬತ್ತು ದಾಟಿದೆ. ಮೇಲ್ಮನವಿ ಹಾಕಿದ್ದೇನೆ. ತಾಯಿಯಿಲ್ಲದ ಹುಡುಗಿ, ನಾನು ಕಲಿಸುತ್ತಿದ್ದ ಕಾಲೇಜಿನಲ್ಲೇ ನನ್ನ ವಿಷಯವನ್ನೇ ಓದುತ್ತಿದ್ದಾಳೆ ಎಂದೆಲ್ಲ ಬರೆದಿದ್ದೇನೆ. ಕಾಯೋಣ.

ಊಟ ಬಿಡಬೇಡ.

ನಿನ್ನ ಅಪ್ಪ


4 ಅಕ್ಟೋಬರ್

ಅಪ್ಪಾ,

ಹತ್ತಿಯ ಕಟ್ಟಿನಲ್ಲಿ ನಿನ್ನ ಅಕ್ಷರ ಕಂಡಾಗ ಅತ್ತೆ ಯಾರಿಗೋ ಕೆಮ್ಮಿನ ಔಷಧಿ ಕೊಡುತ್ತಿದ್ದಳು. ಗಾಬರಿಯಲ್ಲಿ ಭೇದಿಯ ಬಾಟಲಿ ಕೊಟ್ಟು ಕಳಿಸಿಬಿಟ್ಟಳು. ಆಮೇಲೆ ಬೀದಿಯ ಕೊನೆಯವರೆಗೆ ಓಡಿಹೋಗಿ ಬದಲಾಯಿಸಿಕೊಂಡು ಬಂದು, ಗಲ್ಲಾದ ಹಿಂದೆ ಕುಕ್ಕರಿಸಿ ಅತ್ತಳು. "ಇವನಿಂದ ನನ್ನ ವ್ಯಾಪಾರಾನೇ ಹಾಳಾಗುತ್ತೆ" ಎಂದು ನಿನ್ನನ್ನೇ ಬೈದಳು.

ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಪೆಟ್ಟಿಗೆಗಳ ನಡುವೆ ಮಲಗುತ್ತೇನೆ. ಮೈಯೆಲ್ಲ ಟಿಂಚರಿನ ವಾಸನೆ. ಕಾಲೇಜು ಮತ್ತೆ ಶುರುವಾಗಿದೆ. ನಿನ್ನ ಕೋಣೆಯ ಬಾಗಿಲಿನಿಂದ ಹೆಸರಿನ ಫಲಕ ತೆಗೆದಿದ್ದಾರೆ. ಮುಖ್ಯಸ್ಥರು ಎದುರಿಗೆ ಸಿಕ್ಕರೆ ನನ್ನ ಚಪ್ಪಲಿ ನೋಡುತ್ತಾ ಹೋಗುತ್ತಾರೆ. ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಕೈಕಾಲು ಚಾಚಿಕೊಂಡು ಆರಾಮಾಗಿ ಬರೆಯುತ್ತೇನೆ.

ಮೇಸ್ತ್ರಿಯ ಹೆಂಡತಿ ಅಂಗಡಿಗೆ ಬಂದಿದ್ದಳು. ಏನೂ ಕೊಳ್ಳಲಿಲ್ಲ. "ನಿಮ್ಮಪ್ಪ ಬರೆದಿದ್ದು ಎಲ್ಲಿದೆ ಮಗಾ? ಕೋರ್ಟಲ್ಲಿ ಅಂಥದ್ದೇ ಇಲ್ಲ ಅಂತಾರೆ" ಎಂದಳು. ನಿನ್ನ ಹತ್ತಿರ ಇದೆ ಎಂದೆ. ನೀನೆಲ್ಲಿ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಒಂದು ಮಾತು ಅರ್ಥವಾಗಲಿಲ್ಲ ಅಪ್ಪಾ. ನಗರಸಭೆಯಲ್ಲಿ ಜನನದ ದಾಖಲೆಗಳೆಲ್ಲ ಹೋದ ವರ್ಷವೇ ಸುಟ್ಟುಹೋದವಲ್ಲ. ನನ್ನ ಶಾಲೆಯೂ ಇಲ್ಲ ಈಗ. ನನಗೆ ಹತ್ತೊಂಬತ್ತು ಎಂದು ಅವರಿಗೆ ಹೇಗೆ ಗೊತ್ತಾಯಿತು?

ಪಿಟೀಲು


15 ನವೆಂಬರ್

ಪ್ರೀತಿಯ ಪಿಟೀಲು,

ಮೇಲ್ಮನವಿ ತಿರಸ್ಕಾರವಾಯಿತು. ಕಡತದಮ್ಮ ಫೋನಿನಲ್ಲಿ ಹೇಳದೆ, ಮಳೆಯಲ್ಲಿ ನಡೆದು ಬಂದು ಕೈಗೆ ಕೊಟ್ಟರು.

ನನ್ನನ್ನು ಕಾಂಕ್ರೀಟ್ ಪ್ರಯೋಗಾಲಯಕ್ಕೆ ಹಾಕಿದ್ದಾರೆ. ಪಾಠ ಮಾಡುವಂತಿಲ್ಲ, ಭಾಷೆ ಕಲಿಯುವವರೆಗೆ. ವಿದ್ಯಾರ್ಥಿಗಳು ಅಚ್ಚು ಹಾಕಿದ ಕ್ಯೂಬುಗಳನ್ನು ಇಪ್ಪತ್ತೆಂಟು ದಿನ ತೊಟ್ಟಿಯ ನೀರಿನಲ್ಲಿಟ್ಟು, ಒರೆಸಿ, ಯಂತ್ರದಡಿ ಇಟ್ಟು ಒಡೆಯುವುದು, ಎಷ್ಟು ಭಾರಕ್ಕೆ ಒಡೆಯಿತೆಂದು ಬರೆಯುವುದು. ಇಪ್ಪತ್ತಾರು ವರ್ಷ ಪಾಠ ಹೇಳಿದ ಮೇಲೆ ಮತ್ತೆ ನಿನ್ನ ತರಗತಿಗೆ ಬಂದಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಆರು ವಾರ ಬೇಕಾಯಿತು.

ರಾಯಭಾರ ಕಚೇರಿಯಲ್ಲಿ ಅರ್ಜಿ ತುಂಬಿಸಿದ ಗುಮಾಸ್ತ ನಮ್ಮ ಭಾಷೆ ಬಲ್ಲವನು. ಅವಲಂಬಿತರ ಕಾಲಂ ಬಂದಾಗ ಪೆನ್ನನ್ನು ನನ್ನ ಕಡೆ ತಳ್ಳಿದ. "ದಾಖಲೆ ಇಲ್ಲ ಅಂದ್ಮೇಲೆ ನೀವು ಬರೆದಿದ್ದೇ ದಾಖಲೆ ಸಾರ್. ನೋಡ್ಕೊಂಡು ಬರೀರಿ" ಎಂದ. ಬಾಗಿಲ ಕಡೆ ನೋಡಿ ಮತ್ತೆ ಹೇಳಿದ: "ಹದಿನೇಳು ಅಂದ್ರೆ ಹದಿನೇಳೇ. ಯಾರೂ ಕೇಳಲ್ಲ." ಹತ್ತೊಂಬತ್ತು ವರ್ಷ, ನಾಲ್ಕು ತಿಂಗಳು ಎಂದು ಬರೆದೆ. ತಿಂಗಳನ್ನು ಯಾರೂ ಕೇಳಿರಲಿಲ್ಲ. ಅವನು ಕಾಗದವನ್ನು ಎಳೆದುಕೊಂಡು ಅಂಕಿಯನ್ನು ಎರಡು ಸಲ ಓದಿದ. ಆಮೇಲೆ ಮುದ್ರೆ ಒತ್ತಿದ.

ಎರಡು ಸಾಲು ತಿದ್ದಲಾರೆನೆಂದು ಮನೆಮಠ ಬಿಟ್ಟವನು ಇಲ್ಲಿ ಒಂದು ಅಂಕಿ ಹೇಗೆ ತಿದ್ದಲಿ ಎಂದು ಆಗ ಅನಿಸಿತು. ಮೇಲ್ಮನವಿ ಇದೆಯಲ್ಲ, ನ್ಯಾಯವಾಗಿ ಕೇಳಿದರೆ ಕೊಡುತ್ತಾರೆ ಎಂದೂ ಅನಿಸಿತು. ಇವೆರಡೂ ಆಗ ಅನಿಸಿದ್ದು.

ಅಪ್ಪ


20 ಡಿಸೆಂಬರ್

ಅಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ನಾವು ಚೆನ್ನಾಗಿದ್ದೇವೆ. ನಿಮ್ಮ ಹತ್ತಿರ ಉಣ್ಣೆಯ ಬಟ್ಟೆ ಇದೆಯೇ ಎಂದು ಅತ್ತೆ ಕೇಳಿದ್ದಾರೆ.

ಮೊನ್ನೆ ಕಾಲೇಜಿನ ಗೇಟಿನಲ್ಲಿ ಸೈನಿಕರು ಎಲ್ಲರನ್ನೂ ತಪಾಸಣೆ ಮಾಡಿದರು. ತಂದೆಯ ಹೆಸರು ಕೇಳಿದರು, ಹೇಳಿದೆ. ನಾಲ್ಕು ಗಂಟೆ ಹೊರಗೆ ನಿಲ್ಲಿಸಿದರು. ವಯಸ್ಸು ಕೇಳಿದರು. ನಿಜವನ್ನೇ ಹೇಳಿದೆ.

ನಿಮ್ಮ ಮಗಳು


17 ಜನವರಿ

ಮಗಳೇ,

ಮಾತು ಕಲಿತ ದಿನದಿಂದ ನನ್ನನ್ನು "ನೀನು" ಎಂದೇ ಕರೆದವಳು ನೀನು. ನಿನ್ನ ಅಮ್ಮ ತಿದ್ದಲು ನೋಡಿದಳು. ನಾನೇ ಬೇಡವೆಂದೆ. ಈಗ "ನೀವು" ಎಂದು ಬರೆದಿದ್ದೀಯ. ಪತ್ರ ಎಂಟೇ ಸಾಲಿದೆ, ಅದರಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿದೆ.

ಬಯ್ಯುವುದಿದ್ದರೆ ಬೈಯಿ. ಏಕವಚನದಲ್ಲೇ ಬೈಯಿ. ಆ ಕಾಲಂ ಈಗ ನನ್ನ ಮುಂದಿಟ್ಟರೆ ಏನು ಬರೆಯುತ್ತೇನೆಂದು ಕೇಳು, ಹೇಳುತ್ತೇನೆ. ಆದರೆ ಅದು ಕಟ್ಟಡ ಬಿದ್ದ ಮೇಲೆ ಕಂಬ ದಪ್ಪ ಮಾಡಿದ ಹಾಗೆ.

ಉಣ್ಣೆಯ ಬಟ್ಟೆ ಇದೆ. ಪ್ರಯೋಗಾಲಯದ ತಂತ್ರಜ್ಞ, ನನಗಿಂತ ಹಿರಿಯ, ತನ್ನ ಹಳೆಯ ಕೋಟು ಕೊಟ್ಟಿದ್ದಾನೆ. ತೋಳು ಬೆರಳಿನ ತುದಿಯವರೆಗೆ ಬರುತ್ತದೆ. ಅತ್ತೆಗೆ ಹೇಳು.

ಗೇಟಿನಲ್ಲಿ ಕೇಳಿದರೆ ನನ್ನ ಹೆಸರು ಹೇಳಬೇಡ.

ಅಪ್ಪ


28 ಫೆಬ್ರವರಿ

ಮಗಳೇ,

ವ್ಯಾನು ಎರಡು ಸಲ ಬಂದು ಹೋಯಿತು. ಪೆಟ್ಟಿಗೆಗಳನ್ನೆಲ್ಲ ನಾನೇ ಬಿಚ್ಚಿ ನೋಡಿದೆ.

ನಿಮ್ಮಲ್ಲಿ ಕದನವಿರಾಮ ಎಂದು ಇಲ್ಲಿಯ ಪತ್ರಿಕೆಯಲ್ಲಿ ಬಂದಿದೆ. ಸೈನಿಕನೊಬ್ಬ ಅಜ್ಜಿಯ ಕೈ ಹಿಡಿದು ರಸ್ತೆ ದಾಟಿಸುವ ಚಿತ್ರ ಹಾಕಿದ್ದಾರೆ. ಅದರಿಂದ ಒಂದು ತೊಡಕಾಗಿದೆ. ಎರಡನೇ ವರ್ಷಕ್ಕೆ ನಾನು ಜೂನ್ ಒಳಗೆ ಅರ್ಜಿ ಹಾಕಬೇಕು. "ಅಪಾಯ ಈಗಲೂ ಇದೆ" ಎನ್ನುವುದಕ್ಕೆ ಆರು ತಿಂಗಳ ಒಳಗಿನ ಪುರಾವೆ ಲಗತ್ತಿಸಬೇಕಂತೆ. "ಒಂದ್ಸಲ ವಾಪಸ್ ಕಳ್ಸಿ ನೋಡಿ, ಪುರಾವೆ ತಾನಾಗೇ ಸಿಗುತ್ತೆ" ಎಂದೆ. ಕಡತದಮ್ಮನಿಗೆ ನನ್ನ ತಮಾಷೆಗಳು ಹಿಡಿಸುವುದಿಲ್ಲ. ಅವರ ಕಣ್ಣು ಕೆಂಪಗಾಯಿತು.

ಒಂದು ಸಾಲು ಸಾಕು. ಆರೋಗ್ಯವಾಗಿದ್ದೇನೆ ಎಂದಷ್ಟು ಬರೆದರೂ ಸಾಕು.

ಅಪ್ಪ


22 ಮಾರ್ಚ್

ಅಪ್ಪಾ,

ಸಿಟ್ಟು ಹೋಗಿಲ್ಲ. ಆದರೆ ಕೆಲಸ ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೇಸ್ತ್ರಿಯ ಹೆಂಡತಿ ಮತ್ತೆ ಬಂದಿದ್ದಳು. ಈ ಸಲ ನಾನೇ ಅವಳ ಜೊತೆ ಮನೆಗೆ ಹೋದೆ. ತಗಡಿನ ಬಾಗಿಲು, ಒಳಗೆ ಒಂದೇ ಕೋಣೆ. ಗೋಡೆಯ ಮೊಳೆಗೆ ಅವನ ಕರಣೆ, ತೂಕದ ಗುಂಡು, ಮಟ್ಟ ನೋಡುವ ಪಟ್ಟಿ ನೇತುಹಾಕಿದ್ದಾಳೆ. ಅವು ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ಎಣ್ಣೆ ಸವರುತ್ತಾಳಂತೆ. "ನಲವತ್ತೊಂದು ಜನಾನ ಕೊಂದೋನು ಅಂತ ಕೊಳಾಯಿ ಹತ್ರ ನನ್ನ ಕೊಡ ಪಕ್ಕಕ್ಕಿಡ್ತಾರೆ ಮಗಾ. ಅವನು ಒಂದು ಚೀಲ ಸಿಮೆಂಟು ಕಮ್ಮಿ ಹಾಕಿದ್ರೆ ನಾನೇ ಅವನನ್ನ ನೇಣಿಗೆ ಹಾಕಿ ಅಂತೀನಿ" ಎಂದಳು. ಹಾಕಿಲ್ಲವೆಂದು ನನಗೆ ಗೊತ್ತು, ನಿನಗೆ ಗೊತ್ತು. ಗೊತ್ತಿದ್ದವರಲ್ಲಿ ಊರಿನಲ್ಲಿರುವವಳು ನಾನೊಬ್ಬಳೇ.

ಕದನವಿರಾಮದ ಮೇಲೆ ಹೊರದೇಶದವರು ಬಂದು ಕೋರ್ಟಿನಲ್ಲಿ ಕೂತು ನೋಡುತ್ತಾರೆ. ಅದಕ್ಕೇ ಮೇಸ್ತ್ರಿಯ ಕೇಸನ್ನು ಮತ್ತೆ ತೆಗೆದಿದ್ದಾರೆ. ಅವನ ಪರ ಒಬ್ಬಳು ವಕೀಲೆ ನಿಂತಿದ್ದಾಳೆ. ಸಾಕ್ಷಿಯಿಲ್ಲದೆ ಬರೀ ಮಾತಿನಲ್ಲಿ ಏನೂ ಆಗದು ಎಂದಳು.

ಆಸ್ಪತ್ರೆಯ ಕಂಬಗಳಿಂದ ನೀನು ಆರು ತುಂಡು ಕೊರೆದು ತೆಗೆಸಿದ್ದೆಯಲ್ಲ. ಮೂರನ್ನು ಒಡೆದು ವರದಿ ಬರೆದೆ. ಉಳಿದ ಮೂರು ಕಾಲೇಜಿನ ಪ್ರಯೋಗಾಲಯದ ತೊಟ್ಟಿಯ ಹಿಂದೆ, ಗೋಣಿಚೀಲದ ಕೆಳಗೆ ಹಾಗೇ ಇದ್ದವು. ಮುಖ್ಯಸ್ಥರು ಅವನ್ನು ಮರೆತಿದ್ದಾರೆ. ಇದ್ದವು ಎಂದೆ. ಈಗ ಅವು ಅತ್ತೆಯ ಅಂಗಡಿಯಲ್ಲಿ ಗ್ಲೂಕೋಸ್ ಡಬ್ಬಗಳ ಹಿಂದಿವೆ. ದಿನಕ್ಕೊಂದರಂತೆ ಊಟದ ಚೀಲದಲ್ಲಿ ತಂದೆ. ಒಂದೊಂದೂ ಎಷ್ಟು ಭಾರ! ಮೇಲೆ ನಿನ್ನ ಕೈಬರಹದ ಸಂಖ್ಯೆ ಅಳಿಸಿಲ್ಲ.

ನ್ಯಾಯಾಧೀಶರ ಎದುರೇ ಅವನ್ನು ಒಡೆಸಬೇಕೆಂದು ವಕೀಲೆ ಕೇಳುತ್ತಾಳೆ. ಒಂದು ವರ್ಷ ಒಣಗಿದ ತುಂಡುಗಳು. ಸಂಖ್ಯೆ ತಪ್ಪು ಬರಬಾರದು. ಅದಕ್ಕೆ ಏನು ಮಾಡಬೇಕು ಹೇಳು.

ನಾನು ನಿನ್ನ ಒಪ್ಪಿಗೆ ಕೇಳುತ್ತಿಲ್ಲ.

ಪಿಟೀಲು


5 ಏಪ್ರಿಲ್

ಪಿಟೀಲು,

ಬೇಡ. ಕೈಮುಗಿಯುತ್ತೇನೆ, ಬೇಡ.

ಆ ತುಂಡುಗಳನ್ನು ಎಲ್ಲಿಂದ ತಂದೆಯೋ ಅಲ್ಲೇ ಇಡು. ಇಡಲಾಗದಿದ್ದರೆ ನದಿಗೆ ಹಾಕು. ವಕೀಲೆಗೆ ನಾನು ಇಲ್ಲಿಂದಲೇ ಪ್ರಮಾಣಪತ್ರ ಬರೆದು ಕಳಿಸುತ್ತೇನೆ. ಕೋರ್ಟು ಅದನ್ನು ಒಪ್ಪುವುದಿಲ್ಲವೆಂದು ಗೊತ್ತು, ಆದರೂ ಕಳಿಸುತ್ತೇನೆ. ಹೊರದೇಶದವರು ಇನ್ನು ಎರಡು ತಿಂಗಳಿಗೆ ಗಂಟುಮೂಟೆ ಕಟ್ಟುತ್ತಾರೆ. ಗುಡ್ಡದ ಮೇಲಿನವರು ಅಲ್ಲೇ ಇರುತ್ತಾರೆ. ಯಾರಾದರೂ ಕೇಳಿದರೆ ನನಗೇನೂ ಗೊತ್ತಿಲ್ಲ ಅನ್ನು. ಅಪ್ಪ ಮನೆಯಲ್ಲಿ ಕೆಲಸದ ಮಾತೇ ಆಡುತ್ತಿರಲಿಲ್ಲ ಅನ್ನು. ಅಪ್ಪ ಕುಡುಕ, ಸುಳ್ಳು ಬರೆದ ಅನ್ನು. ಏನು ಬೇಕಾದರೂ ಅನ್ನು.

ಇದನ್ನು ಯಾರು ಬರೆಯುತ್ತಿದ್ದಾನೆಂದು ನೀನು ನಗುತ್ತೀಯ. ನಗು. ನನಗೆ ಮೇಸ್ತ್ರಿಯ ಮುಖ ಮರೆತಿಲ್ಲ. ಕಂಬಿ ಕಟ್ಟುವಾಗ ನನ್ನನ್ನೇ ಗದರಿಸಿದವನು ಅವನು: "ಸಾರ್, ನೀವು ಬೋರ್ಡ್ ಮೇಲೆ ಗೆರೆ ಎಳೀರಿ, ಇಲ್ಲಿ ನಾನ್ ನೋಡ್ಕೋತೀನಿ." ಅವನು ಒಳಗಿರುವುದು ತಪ್ಪು. ಅವನ ಜಾಗಕ್ಕೆ ನೀನು ಹೋಗುವುದನ್ನು ನಾನು ಸರಿ ಎನ್ನಲಾರೆ.

ಇಷ್ಟು ಬರೆದು ಲಕೋಟೆ ಅಂಟಿಸಿದೆ. ಸಂಜೆ ಮತ್ತೆ ಒಡೆದು ಕೂತಿದ್ದೇನೆ. ನಾನು ಬೇಡವೆಂದರೆ ನೀನು ಬಿಡುವವಳಲ್ಲ. ಬಿಡದೆ ತಪ್ಪು ಮಾಡಿದರೆ ಎಲ್ಲವೂ ಹಾಳು.

ಒಡೆಯುವ ಮೊದಲು ಪೂರ್ತಿ ಎರಡು ದಿನ ನೀರಿನಲ್ಲಿ ನೆನೆಸಬೇಕು. ಎರಡೂ ತುದಿ ಕನ್ನಡಿಯಷ್ಟು ಸಮವಿರಬೇಕು. ಇಲ್ಲದಿದ್ದರೆ ಅಂಚು ಮೊದಲು ಮುರಿದು ಸಂಖ್ಯೆ ಕಡಿಮೆ ಬರುತ್ತದೆ, ಅವರಿಗೆ ಬೇಕಾದದ್ದೂ ಅದೇ. ಭಾರವನ್ನು ನಿಧಾನವಾಗಿ ಏರಿಸಬೇಕು, ಯಂತ್ರದವನು ಅವಸರ ಮಾಡಿದರೆ ನಿಲ್ಲಿಸು. ಐದನೇ ತುಂಡಿನಲ್ಲಿ ಒಂದು ಕಡೆ ಕಂಬಿಯ ಚೂರಿದೆ. ಅದನ್ನು ನೀನೇ ಮೊದಲು ಹೇಳಿಬಿಡು, ಅವರು ಕಂಡುಹಿಡಿಯುವಂತೆ ಆಗಬಾರದು.

ಅಪ್ಪ


7 ಮೇ

ಅಣ್ಣಾ,

ನನಗೆ ಪತ್ರ ಬರೆದು ರೂಢಿಯಿಲ್ಲ. ನೀನು ಓದಿದವನು, ತಪ್ಪಿದ್ದರೆ ತಿದ್ದಿಕೊಂಡು ಓದು.

ಹೋದ ಸೋಮವಾರ ಕೋರ್ಟು. ನಾನು ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ನಿನ್ನ ಮಗಳು ನನ್ನ ಕಂದು ಕೋಟು ಹಾಕಿಕೊಂಡಿದ್ದಳು. ಮೂರು ತುಂಡುಗಳನ್ನು ತರಕಾರಿ ಚೀಲದಲ್ಲಿ ಹೊತ್ತು ತಂದು ನ್ಯಾಯಾಧೀಶರ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅವು ಎಲ್ಲಿದ್ದವು, ಹೇಗೆ ತಂದೆ ಎಂದು ಕೇಳಿದರು. ಸುಳ್ಳು ಹೇಳು ಎಂದು ಹಿಂದಿನ ದಿನವೆಲ್ಲ ನಾನು ಬಾಯಿ ಬಡಿದುಕೊಂಡಿದ್ದೆ. ಊಟದ ಚೀಲದಲ್ಲಿ ತಂದೆ ಎಂದೇ ಹೇಳಿದಳು. ಎಲ್ಲ ನಿನ್ನ ರಕ್ತ, ಇನ್ನೇನು.

ಬುಧವಾರ ನಗರಸಭೆಯ ಪ್ರಯೋಗಾಲಯದಲ್ಲಿ ಎಲ್ಲರ ಮುಂದೆ ಒಡೆದರು. ನಿಮ್ಮ ಮುಖ್ಯಸ್ಥರು ಕೈಕಟ್ಟಿ ನಿಂತಿದ್ದರು. ಯಂತ್ರದವನು ಅವಸರ ಮಾಡಿದಾಗ ಇವಳು, "ನಿಧಾನ, ಅಣ್ಣಾ. ಭಾರ ಮೆಲ್ಲಗೆ ಏರ್ಲಿ" ಎಂದಳು. ಐದನೆಯದರಲ್ಲಿ ಕಂಬಿಯ ಚೂರಿದೆ ಎಂದು ತಾನೇ ತೋರಿಸಿದಳು. ನನಗೆ ಆ ಲೆಕ್ಕ ತಿಳಿಯದು. ಮೂರೂ ಸಲ ಯಂತ್ರದ ಮುಳ್ಳು ಇರಬೇಕಾದ ಗೆರೆ ದಾಟಿ ಎಷ್ಟೋ ಮುಂದೆ ಹೋದ ಮೇಲೇ ಒಡೆದದ್ದು. ಮೊದಲನೆಯದು ಒಡೆದ ಸದ್ದಿಗೆ ಮೇಸ್ತ್ರಿಯ ಹೆಂಡತಿ ಕಿವಿ ಮುಚ್ಚಿಕೊಂಡಳು, ಎರಡನೆಯದಕ್ಕೆ ಕೈ ತೆಗೆದಳು.

ಹೊರಗೆ ಬಂದೆವು. ಮೆಟ್ಟಿಲಿನ ಕೆಳಗೆ ಜೀಪು ನಿಂತಿತ್ತು. ಸಾದಾ ಬಟ್ಟೆಯವರು ಇಬ್ಬರು. "ಸರಕಾರಿ ಪ್ರಯೋಗಾಲಯದಿಂದ ವಸ್ತು ಕದ್ದಿದ್ದಾಳೆ, ತಾನೇ ಒಪ್ಕೊಂಡಿದ್ದಾಳೆ" ಎಂದರು. ನಾನು ಅವಳ ತೋಳು ಬಿಡಲಿಲ್ಲ. ಅವಳೇ ನನ್ನ ಬೆರಳು ಒಂದೊಂದಾಗಿ ಬಿಡಿಸಿದಳು. "ಅತ್ತೆ, ಕೋಟು ತಗೋ. ನಿಂಗೆ ಚಳಿ ಆಗುತ್ತೆ" ಎಂದಳು. ಅಲ್ಲಿ ಯಾರಿಗೆ ಚಳಿ ಅಣ್ಣಾ? ಕೋಟನ್ನು ಮತ್ತೆ ಅವಳ ಮೈಮೇಲೆ ಹೊದಿಸಿದೆ.

ಎರಡು ದಿನ ಎಲ್ಲಿದ್ದಾಳೆಂದು ಹೇಳಲಿಲ್ಲ. ನಿನ್ನೆ ಬಂಧನದ ಆದೇಶ ಕೊಟ್ಟರು. ಅದರ ಪ್ರತಿ ಇದರೊಳಗಿದೆ. ನೀನು ಅಲ್ಲಿಂದ ಏನಾದರೂ ಮಾಡಬಲ್ಲೆಯಾದರೆ ಮಾಡು. ಬರಬೇಡ. ಬಂದರೆ ನಾನು ಇಬ್ಬರಿಗೆ ಬುತ್ತಿ ಒಯ್ಯಬೇಕಾಗುತ್ತದೆ.

ತಂಗಿ


2 ಜೂನ್

ತಂಗೀ,

ಆದೇಶ ತಲುಪಿತು. ತಲುಪಿದ ದಿನವೇ ನಿಲ್ದಾಣಕ್ಕೆ ಹೋಗಿ ಗಡಿಯ ಕಡೆಯ ರೈಲಿಗೆ ಚೀಟಿ ತೆಗೆದಿದ್ದೆ. ಪ್ರಯೋಗಾಲಯದ ತಂತ್ರಜ್ಞ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತ. ನನ್ನ ಭಾಷೆ ಅವನಿಗೆ ಬಾರದು, ಅವನದ್ದು ನನಗೆ ಅರ್ಧ. ರೈಲು ಬಂತು, ಹೋಯಿತು. ನಾನು ಏಳಲಿಲ್ಲ. ನಿನ್ನ ಬುತ್ತಿಯ ಮಾತೇ ತಲೆಯಲ್ಲಿತ್ತು. ಹಾಗೆಂದು ಬರೆಯುತ್ತಿದ್ದೇನೆ. ನಿಜವಾಗಿ ಹೆದರಿಕೆಯೋ ಏನೋ, ನನಗೇ ಗೊತ್ತಿಲ್ಲ.

ಕಡತದಮ್ಮ ವಿದೇಶಾಂಗ ಇಲಾಖೆಗೆ ಬರೆದಿದ್ದಾರೆ. ಅವಳನ್ನು ಇದೇ ಯೋಜನೆಯಡಿ ಸೇರಿಸಿ ಎಂದು ಕೇಳಿದರು. ಅವಳು ವಿದ್ಯಾರ್ಥಿನಿ, ಅಧ್ಯಾಪಕಿಯಲ್ಲ, ಆದ್ದರಿಂದ ಬರುವುದಿಲ್ಲ ಎಂದು ಉತ್ತರ ಬಂತು. ಮಗಳೆಂದರೆ ವಯಸ್ಸು ಹೆಚ್ಚು, ಪಂಡಿತೆಯೆಂದರೆ ಓದು ಕಡಿಮೆ.

ಇನ್ನೊಂದು ವಿಷಯ ನಿನಗೆ ಹೇಳಲೇಬೇಕು. ಬೇರೆ ಯಾರಿಗೆ ಹೇಳಲಿ? ನನ್ನ ಎರಡನೇ ವರ್ಷದ ಅರ್ಜಿಗೆ ಪುರಾವೆ ಬೇಕಿತ್ತಲ್ಲ. ಕಡತದಮ್ಮ ಮೇಜಿನ ಆಚೆ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದರು. ಕೊನೆಗೆ, "ಆ ಆದೇಶ... ಅದನ್ನ ಲಗತ್ತಿಸಿದ್ರೆ ಯಾರೂ ಪ್ರಶ್ನೆ ಮಾಡಲ್ಲ" ಎಂದರು. ಅದರಲ್ಲಿ "ತಲೆಮರೆಸಿಕೊಂಡ ಅಧ್ಯಾಪಕನ ಮಗಳು" ಎಂದು ನನ್ನ ಹೆಸರಿದೆ. ಅದಕ್ಕಿಂತ ಒಳ್ಳೆಯ ಪುರಾವೆ ಬೇರೆಲ್ಲಿದೆ?

ಕೊಟ್ಟೆ. ಹದಿನೈದು ದಿನದಲ್ಲಿ ಮಂಜೂರಾಯಿತು. ಹೋದ ವರ್ಷ ಎರಡೂವರೆ ತಿಂಗಳು ಹಿಡಿದಿತ್ತು.

ನೀನು ಇದನ್ನು ಅವಳಿಗೆ ಹೇಳಬೇಡ. ಹೇಳಬೇಕೆನಿಸಿದರೆ ಹೇಳು.

ಅಣ್ಣ


19 ಆಗಸ್ಟ್

ಅಪ್ಪಾ,

ತಿಂಗಳಿಗೆ ಒಂದು ಪುಟ ಬರೆಯಬಹುದು. ಓದಿ ನೋಡಿ ಕಳಿಸುತ್ತಾರೆ, ಹಾಗಾಗಿ ಎಲ್ಲ ಚೆನ್ನಾಗಿದೆ.

ನನ್ನ ಕೇಸು ಮುಗಿಯಿತು. ಮೂರು ವರ್ಷ. ಹಿಡಿದ ದಿನದಿಂದ ಲೆಕ್ಕ.

ಮೇಸ್ತ್ರಿ ಮನೆಗೆ ಹೋದ. ಇದನ್ನು ಅತ್ತೆ ಹೇಳಿದಳು. ಕೊಳಾಯಿಯ ಹತ್ತಿರ ಅವನೇ ಹೋಗಿ ಕೊಡವನ್ನು ಎಲ್ಲರ ಕೊಡಗಳ ನಡುವೆ ಇಟ್ಟನಂತೆ. ಗೋಡೆ ಬಿದ್ದದ್ದು ಹೇಗೆ ಎಂದು ಕೋರ್ಟು ಏನೂ ಹೇಳಲಿಲ್ಲ. ಅವನ ತಪ್ಪಲ್ಲ ಎಂದಷ್ಟೇ ಹೇಳಿತು.

ನಮ್ಮ ಕೋಣೆಯಲ್ಲಿ ಒಂಬತ್ತು ಜನ. ನಾನೇ ಚಿಕ್ಕವಳು, ಆದ್ದರಿಂದ ಕಿಟಕಿಯ ಕಡೆ ಮಲಗಲು ಬಿಟ್ಟಿದ್ದಾರೆ. ಇಲ್ಲಿಯ ಗೋಡೆಗಳನ್ನು ಪರೀಕ್ಷಿಸಿದೆ. ಗಾರೆ ಒಂದೇ ಸಮ, ಎಲ್ಲೂ ಬಿರುಕಿಲ್ಲ, ಬಹಳ ಚೆನ್ನಾಗಿ ಕಟ್ಟಿದ್ದಾರೆ. ಇದನ್ನು ಕಟ್ಟಿದವರ ಮೇಲೆ ಕಳಪೆ ಕಾಮಗಾರಿ ಎಂದು ಯಾರೂ ಕೇಸು ಹಾಕಲಾರರು.

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ಅಕ್ಷರ ಹೀಗಿದೆ. ಬಲಗೈ ಸರಿಹೋಗುತ್ತದೆ ಎಂದಿದ್ದಾರೆ.

ಅರ್ಜಿಗೆ ನನ್ನ ಕಾಗದ ಲಗತ್ತಿಸಿದ್ದನ್ನು ಅತ್ತೆ ಹೇಳಿದಳು. ಒಳ್ಳೆಯದೇ ಮಾಡಿದೆ. ನೀನು ಅಲ್ಲಿರಬೇಕು. ಹಾಗೆಂದು ನನ್ನ ಸಿಟ್ಟು ಹೋಗಿದೆ ಎಂದುಕೊಳ್ಳಬೇಡ. ಆ ಗುಮಾಸ್ತನ ಮಾತು ನೀನು ಕೇಳಬೇಕಿತ್ತು. ಕೇಳಿದ್ದರೆ ಮೇಸ್ತ್ರಿ ಇನ್ನೂ ಒಳಗೇ ಇರುತ್ತಿದ್ದ. ಎರಡೂ ನಿಜ. ಇವೆರಡನ್ನು ಹೇಗೆ ಕೂಡಿಸುವುದೆಂದು ನನಗೆ ಇನ್ನೂ ತಿಳಿದಿಲ್ಲ. ಮೂರು ವರ್ಷವಿದೆ.

ಪುಟ ಮುಗಿ


23 ನವೆಂಬರ್

ಪ್ರೀತಿಯ ಪಿಟೀಲು,

ಜೈಲಿಗೆ ಬರೆಯುವ ಪುಟದಲ್ಲಿ ಇದೆಲ್ಲ ಹಿಡಿಸದು. ಅತ್ತೆ ಓದಿಕೊಂಡು, ಭೇಟಿಯ ದಿನ ಬಾಯಲ್ಲಿ ಹೇಳಲಿ.

ನಿನ್ನ ಪುಟದ ಕೊನೆಯ ಪದ ಅರ್ಧಕ್ಕೆ ನಿಂತಿತ್ತು. ಕಾಗದ ತಿರುಗಿಸಿ ಹಿಂದೆಯೂ ನೋಡಿದೆ. ನಿನ್ನ ಬಲಗೈಯ ಬಗ್ಗೆ ಏನೂ ಕೇಳಬಾರದೆಂದು ಅತ್ತೆ ಬರೆದಿದ್ದಾಳೆ. ಕೇಳುವುದಿಲ್ಲ.

ಸೆಪ್ಟೆಂಬರಿನಲ್ಲಿ ಇಲ್ಲಿಯ ಮಂತ್ರಿಗಳು ಈ ಯೋಜನೆಯ ಸಮಾರಂಭ ಇಟ್ಟಿದ್ದರು. ಓಡಿಬಂದವರಲ್ಲಿ ಒಬ್ಬರು ನಾಲ್ಕು ನಿಮಿಷ ಮಾತಾಡಬೇಕಂತೆ, ನನ್ನನ್ನು ಆರಿಸಿದರು. ಭಾಷಣವನ್ನು ಅವರೇ ಬರೆದುಕೊಟ್ಟಿದ್ದರು. ಅದನ್ನು ಓದಿದೆ, ಎಲ್ಲರಿಗೂ ಕೃತಜ್ಞತೆ ಹೇಳಿದೆ. ಅದು ಸುಳ್ಳಲ್ಲ, ನಾನು ಬದುಕಿರುವುದು ಅವರಿಂದಲೇ. ಇನ್ನೂ ಒಂದು ನಿಮಿಷವಿತ್ತು. ಕಾಗದ ಮಡಚಿ, ಇವರ ಭಾಷೆಯಲ್ಲಿ ನನಗೆ ಬರುವಷ್ಟರಲ್ಲಿ ಹೇಳಿದೆ: "ನನ್ನ ಮಗಳು ಜೈಲಿನಲ್ಲಿದ್ದಾಳೆ. ನಾನು ಬರುವಾಗ ಅವಳು ನಿಮ್ಮ ಮಿತಿಗಿಂತ ಒಂದು ವರ್ಷ ನಾಲ್ಕು ತಿಂಗಳು ದೊಡ್ಡವಳು." ಕ್ರಿಯಾಪದ ತಪ್ಪಿತು. ಯಾರೂ ನಗಲಿಲ್ಲ. ಮಂತ್ರಿಗಳು ಕೈಕುಲುಕಿದರು. ಅವರ ಅಂಗೈ ಬೆವೆತಿತ್ತು.

ಹೋದ ತಿಂಗಳು ನಿಯಮ ಬದಲಾಯಿತು. ಮದುವೆಯಾಗದ ಮಕ್ಕಳಾದರೆ ಇಪ್ಪತ್ತೈದರವರೆಗೆ. ಕಡತದಮ್ಮ ಆದೇಶದ ಪ್ರತಿ ತಂದುಕೊಟ್ಟು, "ನಿಮ್ಮಿಂದ ಆಯ್ತು ಇದು" ಎಂದರು. ಆಮೇಲೆ ಬಾಗಿಲ ಹತ್ತಿರವೇ ನಿಂತುಬಿಟ್ಟರು. ಅವರ ಕೈಯಲ್ಲಿ ಅಂದು ಬೇರೆ ಕಡತವಿರಲಿಲ್ಲ. ನಾನೇ ಕುರ್ಚಿ ಕೊಟ್ಟು, ನೀರು ಕೊಟ್ಟೆ.

ಈ ವಾರ ಬೇರೊಂದು ದೇಶದಿಂದ ಒಬ್ಬ ಸಸ್ಯಶಾಸ್ತ್ರಜ್ಞೆ ಬಂದಿದ್ದಾರೆ, ಜೊತೆಗೆ ಇಪ್ಪತ್ತೊಂದರ ಮಗಳು. ಹೊಸಬರನ್ನು ಕರೆತರಲು ನಿಲ್ದಾಣಕ್ಕೆ ಹೋಗುವಿರಾ ಎಂದು ಕೇಳಿದರು, ಹೋದೆ. ಹುಡುಗಿಗೆ ಬರಲು ಒಂದಿಷ್ಟೂ ಮನಸ್ಸಿರಲಿಲ್ಲವೆಂದು ಕಾಣುತ್ತದೆ. ದಾರಿಯುದ್ದಕ್ಕೂ ತಾಯಿಯ ಮೇಲೆ ಮುಖ ಊದಿಸಿಕೊಂಡಿದ್ದಳು. ಅದನ್ನು ನೋಡುತ್ತಾ ನನಗೆ ಎಷ್ಟು ಹಿತವೆನಿಸಿತೆಂದರೆ, ಎರಡು ಬೀದಿ ಸುತ್ತುಬಳಸಿ ಕರೆತಂದೆ. ಅವಳ ಪೆಟ್ಟಿಗೆ ಹೊತ್ತು ಮೂರು ಮಹಡಿ ಹತ್ತಿದೆ. ಏದುಸಿರು ಬಿಡುತ್ತಿದ್ದವನನ್ನು ನೋಡಿ ಅವಳಿಗೆ ಕನಿಕರ ಬಂತು.

"ನಿಮಗೆ ಮಕ್ಕಳಿದ್ದಾರಾ?" ಎಂದಳು.

"ಒಬ್ಬಳಿದ್ದಾಳೆ. ಪರೀಕ್ಷೆ ಮುಗಿಸ್ಕೊಂಡು ಬರ್ತಾಳೆ" ಎಂದೆ.

ಅಷ್ಟು ಸಲೀಸಾಗಿ ಬಂತು ಮಗಳೇ, ಬಾಯಿ ತಡವರಿಸಲೂ ಇಲ್ಲ. ಹುಡುಗಿಯ ಮುಖ ಅರಳಿತು. ಹಾಗಾದರೆ ನಮ್ಮ ನಡುವಿನ ಖಾಲಿ ಕೋಣೆಯನ್ನು ಅವಳಿಗೇ ಕೇಳಿ ಇಟ್ಟುಕೊಳ್ಳಿ, ಬೇರೆಯವರಿಗೆ ಕೊಟ್ಟುಬಿಡುತ್ತಾರೆ ಎಂದಳು.

ಮಾರನೆಯ ದಿನ ಕೆಳಗೆ ಕಚೇರಿಗೆ ಹೋಗಿ ಕೇಳಿದೆ. ಕೋಣೆಗಳನ್ನು ನೋಡಿಕೊಳ್ಳುವವನು ಒಳ್ಳೆಯ ಮನುಷ್ಯ, ಪುಸ್ತಕ ತೆರೆದ. ಯಾವಾಗಿಂದ ಬೇಕು ಎಂದ. ಮುಂದಿನ ಎರಡು ವರ್ಷ ಬಿಟ್ಟು ಅದರ ಮುಂದಿನ ವರ್ಷ, ಮೇ ತಿಂಗಳಿನಿಂದ ಎಂದೆ. ಅವನು ಬೆರಳು ಮಡಚಿ ಎಣಿಸಿದ, ಮತ್ತೆ ಎಣಿಸಿದ. ನನ್ನ ಹೆಸರಿನ ಮುಂದಿದ್ದ, ಪರವಾನಗಿ ಮುಗಿಯುವ ದಿನಾಂಕ ನೋಡಿದ. ಪುಸ್ತಕ ಮುಚ್ಚದೆ, ತಲೆ ಎತ್ತದೆ, ಮೆಲ್ಲಗೆ ಹೇಳಿದ:

"ಸಾರ್, ಅಷ್ಟೊತ್ತಿಗೆ ನೀವೇ ಇಲ್ಲಿ ಇರಲ್ವಲ್ಲ."

ನಿನ್ನ ಅಪ್ಪ